ನಾನು ಗೇಮ್ ಆಡಲ್ಲ, ಜಿಪಿಯು ಡ್ರೈವರ್ ತೂತಿನಿಂದ ನನಗೇನು ಕಷ್ಟ?

ಹೊಸಪೇಟೆಹುಡುಗ

ಎಲ್ಲರಿಗೂ ನಮಸ್ಕಾರ. ಒಂದು ದಡ್ಡ ಪ್ರಶ್ನೆ, ಬೈಬೇಡಿ.

ಅಪ್ಪನ ಹತ್ತಿರ ಇರೋದು ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನ್. ಮೀಡಿಯಾಟೆಕ್ ಚಿಪ್, ಒಳಗೆ ಮಾಲಿ ಅನ್ನೋ ಜಿಪಿಯು, ಅಂದರೆ ಗ್ರಾಫಿಕ್ಸ್ ಭಾಗ. ಅಪ್ಡೇಟ್ ಬಂದು ಯಾವ ಕಾಲವಾಯ್ತೋ ಗೊತ್ತಿಲ್ಲ. ಮೊನ್ನೆ ತಮ್ಮ ಊರಿಗೆ ಬಂದವನು ಎಲ್ಲೋ ಓದಿಕೊಂಡು, "ಮಾಲಿ ಡ್ರೈವರ್‌ನಲ್ಲಿ ತೂತು ಇದೆ, ಅದರ ನಂಬರ್ ಸಿವಿಇ-2023-4211 ಅಂತ. ಈ ಫೋನಿನಲ್ಲಿ ಬ್ಯಾಂಕ್ ಆಪ್ ಇಟ್ಕೋಬೇಡಿ" ಅಂತ ಮನೆಯಲ್ಲಿ ದೊಡ್ಡ ಗಲಾಟೆ ಮಾಡಿದ. ಅಪ್ಪ ಕೇಳಿದ್ದು ಒಂದೇ ಮಾತು: "ಜಿಪಿಯು ಅಂದ್ರೆ ಆಟ ಆಡೋಕೆ ಅಲ್ವೇನೋ? ನಾನು ಆಟಾನೇ ಆಡಲ್ಲ. ಅದರಲ್ಲಿ ತೂತಿದ್ರೆ ನನಗೇನು?"

ತಮ್ಮ ಸುಮ್ಮನಾದ. ನನಗೂ ಉತ್ತರ ಹೊಳೆಯಲಿಲ್ಲ. ಗೊತ್ತಿದ್ದವರು ಹೇಳ್ತೀರಾ?

ಕರ್ನಲ್‌ಕಾಫಿ

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ನಿಮ್ಮ ತಂದೆಯವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ.

ಜಿಪಿಯು ಈಗ ಆಟಕ್ಕೆ ಮಾತ್ರ ಇಲ್ಲ. ವಾಟ್ಸಾಪ್ ಪಟ್ಟಿಯನ್ನು ಬೆರಳಿನಿಂದ ತಳ್ಳಿದರೆ ಜಾರುತ್ತದಲ್ಲ, ಅದನ್ನು ತೆರೆಯ ಮೇಲೆ ಬಿಡಿಸುವುದೂ ಜಿಪಿಯುವೇ. ಅಂದರೆ ಫೋನಿನಲ್ಲಿರುವ ಪ್ರತಿಯೊಂದು ಆಪ್‌ಗೂ ಜಿಪಿಯು ಡ್ರೈವರ್ (ಜಿಪಿಯುವನ್ನು ನಡೆಸುವ ಸಾಫ್ಟ್‌ವೇರ್) ಜೊತೆ ಮಾತಾಡಲು ಬಾಗಿಲು ತೆರೆದಿರಬೇಕು. ಕ್ಯಾಮೆರಾ ಬೇಕಾದರೆ ಆಪ್ ನಿಮ್ಮ ಅನುಮತಿ ಕೇಳುತ್ತದೆ. ಮೈಕ್‌ಗೂ ಕೇಳುತ್ತದೆ. ಜಿಪಿಯುಗೆ? ಯಾರೂ ಕೇಳಲ್ಲ, ಕೇಳಿದರೆ ಏನೂ ಕಾಣಿಸುವುದೇ ಇಲ್ಲ. ಸುಮ್ನೆ ಒಂದು ಟಾರ್ಚ್ ಆಪ್ ಹಾಕಿಕೊಂಡರೂ ಅದಕ್ಕೆ ಈ ಬಾಗಿಲು ಸಿಗುತ್ತದೆ.

ಆ ಬಾಗಿಲಿನ ಆಚೆ ಇರುವ ಡ್ರೈವರ್ ಓಡುವುದು ಕರ್ನಲ್ ಒಳಗೆ, ಅಂದರೆ ಇಡೀ ಫೋನನ್ನು ಆಳುವ ಮೂಲ ಸಾಫ್ಟ್‌ವೇರ್ ಒಳಗೆ. ಅಲ್ಲಿ ಒಂದು ತಪ್ಪು ಸಿಕ್ಕರೆ ಆಪ್‌ಗಳ ನಡುವಿನ ಗೋಡೆಗಳೆಲ್ಲ ಲೆಕ್ಕಕ್ಕಿಲ್ಲ. ಹಾಗಾಗಿ ಕಳ್ಳರಿಗೆ ಇದು ಬಹಳ ಇಷ್ಟದ ಜಾಗ. 2021ರಲ್ಲಿ ದಾಳಿಗೆ ಬಳಸುತ್ತಿರುವಾಗಲೇ ಸಿಕ್ಕಿಬಿದ್ದ ಆಂಡ್ರಾಯ್ಡ್ ಜೀರೊ-ಡೇ (ಸರಿಪಡಿಸುವ ಮೊದಲೇ ಕಳ್ಳರಿಗೆ ಸಿಕ್ಕ) ತೂತುಗಳನ್ನು ಗೂಗಲ್‌ನ ತೂತು ಹುಡುಕುವ ಪ್ರಾಜೆಕ್ಟ್ ಜೀರೊ ತಂಡ ಎಣಿಸಿತ್ತು. ಒಟ್ಟು 7. ಅದರಲ್ಲಿ 5 ಜಿಪಿಯು ಡ್ರೈವರ್‌ನವು: 3 ಕ್ವಾಲ್ಕಾಮ್ ಕಂಪನಿಯ ಅಡ್ರಿನೊ ಜಿಪಿಯುವಿನಲ್ಲಿ, 2 ಆರ್ಮ್ ಕಂಪನಿಯ ಮಾಲಿಯಲ್ಲಿ.

ಹೊಸಪೇಟೆಹುಡುಗ

ಥ್ಯಾಂಕ್ಸ್ ಸರ್. ಇಷ್ಟು ಅಪ್ಪನಿಗೆ ಹೇಳಬಲ್ಲೆ. ಆದರೆ ತೂತು ಅಂದರೆ ಏನು? 'ಯೂಸ್ ಆಫ್ಟರ್ ಫ್ರೀ' ಅಂತ ಬರೆದಿದ್ದಾರೆ. ಬಿಟ್ಟ ಮೇಲೂ ಬಳಸೋದು ಅಂತಲಾ?

ಕರ್ನಲ್‌ಕಾಫಿ

ಹೌದು, ಅದೇ. ಕಲ್ಯಾಣ ಮಂಟಪದ ಲೆಕ್ಕದಲ್ಲಿ ಹೇಳ್ತೀನಿ.

ಮಂಟಪದಲ್ಲಿ 40 ರೂಮು ಅಂದುಕೊಳ್ಳಿ. ಮ್ಯಾನೇಜರ್ ಹತ್ತಿರ ಒಂದು ರಿಜಿಸ್ಟರ್. ಯಾವ ರೂಮು ಯಾವ ಮದುವೆ ಪಾರ್ಟಿಗೆ ಅಂತ ಅದರಲ್ಲಿ ಬರೆದಿರುತ್ತಾರೆ. ಮ್ಯಾನೇಜರ್ ಅಂದರೆ ಕರ್ನಲ್, ರೂಮು ಅಂದರೆ ಮೆಮೊರಿಯ ಪುಟ. ಇನ್ನು ಅಡುಗೆ ಭಟ್ಟರು ಇದ್ದಾರೆ. ಅವರು ಜಿಪಿಯು. ಎಲ್ಲ ರೂಮಿಗೂ ಕಾಫಿ ತಿಂಡಿ ಸಾಗಿಸಬೇಕಲ್ಲ, ಅದಕ್ಕೆ ಅವರಿಗೆ ಬೇರೆಯೇ ಒಂದು ಕೀ ಗೊಂಚಲು, ಬೇರೆಯೇ ಒಂದು ಚೀಟಿ. ಗೊಂಚಲಿಗೆ ಕೀ ಸೇರಿಸುವುದು, ತೆಗೆಯುವುದು ಡ್ರೈವರ್ ಕೆಲಸ.

ಮೊದಲ ಪಾರ್ಟಿ ರೂಮು ಖಾಲಿ ಮಾಡಿತು. ಮ್ಯಾನೇಜರ್ ರಿಜಿಸ್ಟರ್‌ನಲ್ಲಿ 'ಖಾಲಿ' ಅಂತ ಬರೆದರು. ಡ್ರೈವರ್ ಮಾತ್ರ ಭಟ್ಟರ ಗೊಂಚಲಿನಿಂದ ಆ ರೂಮಿನ ಕೀ ತೆಗೆಯಲು ಮರೆತ. ಮರುದಿನ ಇನ್ನೊಂದು ಪಾರ್ಟಿ ಅದೇ ರೂಮಿಗೆ ಬಂದು ಒಡವೆ ಇಟ್ಟಿತು. ಹಳೆ ಪಾರ್ಟಿಯವನು ಭಟ್ಟರಿಗೆ "ಆ ರೂಮಿಗೆ ಹೋಗಿ ಒಳಗೇನಿದೆ ನೋಡ್ಕೊಂಡು ಬನ್ನಿ" ಅಂದ. ಭಟ್ಟರು ಹೋಗ್ತಾರೆ. ಅವರ ಚೀಟಿಯ ಪ್ರಕಾರ ಅದು ಇನ್ನೂ ಅವನದೇ ರೂಮು.

ಆ ರೂಮಿಗೆ ಎರಡನೇ ಸಲ ಬಂದದ್ದು ಬೀಗರಲ್ಲ, ಮ್ಯಾನೇಜರ್‌ನ ಸ್ವಂತ ರಿಜಿಸ್ಟರ್ ಅಂದುಕೊಳ್ಳಿ. ಆಗ ಓದೋದು ಮಾತ್ರ ಅಲ್ಲ, ತಿದ್ದಲೂಬಹುದು. ಇಡೀ ಫೋನ್ ಕೈತಪ್ಪುವುದು ಹೀಗೆ.

ಧಾರವಾಡಪೇಡೆ

ಕಥೆ ಚೆನ್ನಾಗೈತ್ರಿ. ಆದರೆ ಭಟ್ಟರ ಕೈಗೆ ಬೇರೆ ಗೊಂಚಲು ಕೊಡೋದೇ ಯಾಕ್ರಿ? ರೂಮಿಗೆ ಹೋಗುವಾಗೆಲ್ಲ ಮ್ಯಾನೇಜರ್ ಕಡೆ ಕೇಳಿ ಹೋಗಲಿ. ನಾನು ಆಪ್ ಬರೆಯುವವನು, ಕರ್ನಲ್ ಕಡೆ ಹೋದವನಲ್ಲ. ಅದಕ್ಕೆ ಕೇಳ್ತಿದ್ದೇನೆ.

ಕರ್ನಲ್‌ಕಾಫಿ

ಒಂದೊಂದು ಲೋಟ ಕಾಫಿಗೂ ಮ್ಯಾನೇಜರ್‌ನನ್ನು ಕೇಳುತ್ತಾ ಕೂತರೆ ಮುಹೂರ್ತ ಮೀರಿಹೋಗುತ್ತದೆ ಸರ್. ಒಂದು ಸೆಕೆಂಡಿಗೆ 60 ಸಲ ತೆರೆ ಬಿಡಿಸಬೇಕು, ಈಗಿನ ಫೋನುಗಳಲ್ಲಿ 120 ಸಲ. ಅದಕ್ಕೇ ಜಿಪಿಯುಗೆ ತನ್ನದೇ ವಿಳಾಸ ಪಟ್ಟಿ, ಅದನ್ನು ನೋಡಿ ನಡೆಯುವ ತನ್ನದೇ ಹಾರ್ಡ್‌ವೇರ್. ದೊಡ್ಡ ಕಂಪ್ಯೂಟರ್‌ಗೆ ಹಾಕುವ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಬೇರೆ ಮೆಮೊರಿ ಇರುತ್ತದೆ. ಫೋನಿನಲ್ಲಿ ಆ ಐಷಾರಾಮ ಇಲ್ಲ, ಸಿಪಿಯು ಜಿಪಿಯು ಎರಡಕ್ಕೂ ಒಂದೇ ರ‍್ಯಾಮ್. ಒಂದೇ ಮಂಟಪ, ಎರಡು ಲೆಕ್ಕದ ಪುಸ್ತಕ. ಎರಡೂ ತಾಳೆ ಆಗದ ಒಂದು ಕ್ಷಣ ಸಿಕ್ಕರೆ ಸಾಕು.

ನಿಜವಾದ ಉದಾಹರಣೆ: ಸಿವಿಇ-2022-38181. ಗಿಟ್‌ಹಬ್ ಸೆಕ್ಯುರಿಟಿ ಲ್ಯಾಬ್‌ನ ಮಾನ್ ಯುಯೆ ಮೊ ಕಂಡುಹಿಡಿದದ್ದು. ಮಾಲಿ ಡ್ರೈವರ್‌ನಲ್ಲಿ ಜಿಟ್ ಮೆಮೊರಿ ಅಂತ ಒಂದು ಬಗೆ ಇದೆ. "ಇದು ಸದ್ಯಕ್ಕೆ ಬೇಡ, ಬೇಕಾದರೆ ವಾಪಸ್ ತಗೊಳ್ಳಿ" ಅಂತ ಅದರ ಮೇಲೆ ಗುರುತು ಹಾಕಬಹುದು. ಫೋನಿನಲ್ಲಿ ಮೆಮೊರಿ ಕಡಿಮೆಯಾದಾಗ ಕರ್ನಲ್ ಅದನ್ನು ಕಿತ್ತುಕೊಳ್ಳುತ್ತದೆ. ಸರಿಯಾದ ಏರ್ಪಾಡೇ. ಆದರೆ ಡ್ರೈವರ್‌ನ ಇನ್ನೊಂದು ಪಟ್ಟಿಯಲ್ಲಿ ಆ ಮೆಮೊರಿಯ ವಿಳಾಸ ಹಾಗೇ ಉಳಿದುಬಿಡುತ್ತಿತ್ತು. ದಾಳಿ ಮಾಡುವವನು ಬೇಕಂತಲೇ ಮೆಮೊರಿ ತುಂಬಿಸಿ ಕರ್ನಲ್‌ಗೆ ಕಿತ್ತುಕೊಳ್ಳುವ ಕೆಲಸ ಹಚ್ಚುತ್ತಾನೆ, ಆಮೇಲೆ ಹಳೆ ವಿಳಾಸ ಹಿಡಿದು ಒಳಗೆ ಹೋಗುತ್ತಾನೆ. ಮಾನ್ ಯುಯೆ ಮೊ ಪಿಕ್ಸೆಲ್ 6 ಫೋನಿನಲ್ಲಿ ಹೀಗೆ ರೂಟ್ (ಇಡೀ ಫೋನಿನ ಯಜಮಾನ) ಆಗಿ ತೋರಿಸಿದರು, ಒಂದು ಮಾಮೂಲಿ ಆಪ್‌ನಿಂದ.

ಸುಮ್ನೆಓದುಗ

ಎಲ್ಲ ಸರಿ. ಆದರೆ ಹೊಸಪೇಟೆಯಲ್ಲಿ ಕೂತ ನಮ್ಮ ಹಿರಿಯರ ಮೇಲೆ ಯಾರು ಇಷ್ಟು ಕಷ್ಟಪಟ್ಟು ದಾಳಿ ಮಾಡ್ತಾರೆ? 4211 ಬಗ್ಗೆ ಆರ್ಮ್ ಬರೆದಿದ್ದೇ 'ಸೀಮಿತ, ಗುರಿಯಿಟ್ಟ ದಾಳಿ' ಅಂತ. ಇವೆಲ್ಲ ಪತ್ರಕರ್ತರು, ರಾಜಕಾರಣಿಗಳ ಕಷ್ಟ. ಸುಮ್ನೆ ಹೆದರಿಸೋದು ಜಾಸ್ತಿ ಆಯ್ತು.

ಕರ್ನಲ್‌ಕಾಫಿ

ಅರ್ಧ ಒಪ್ಪುತ್ತೇನೆ. ಹೆದರಿಸುವುದು ನನ್ನ ಉದ್ದೇಶ ಅಲ್ಲ. ದಾಳಿ ಹೇಗಿರುತ್ತದೆ ಅಂತ ಮಾತ್ರ ನೋಡಿ.

2022ರ ನವೆಂಬರ್‌ನಲ್ಲಿ ಗೂಗಲ್‌ನ ಥ್ರೆಟ್ ಅನಾಲಿಸಿಸ್ ತಂಡ ಒಂದು ಸರಣಿ ದಾಳಿ ಪತ್ತೆ ಮಾಡಿತು. ಇಟಲಿ, ಮಲೇಷ್ಯಾ, ಕಜಕಸ್ತಾನದಲ್ಲಿದ್ದವರಿಗೆ ಎಸ್ಎಂಎಸ್‌ನಲ್ಲಿ ಚಿಕ್ಕ ಲಿಂಕ್. ಒತ್ತಿದರೆ ಮೊದಲು ದಾಳಿಯ ಪುಟಕ್ಕೆ ಹೋಗಿ, ಆಮೇಲೆ ಇಟಲಿಯ ಒಂದು ಕೊರಿಯರ್ ಕಂಪನಿಯ ಅಸಲಿ ಪಾರ್ಸೆಲ್ ಹುಡುಕುವ ಪುಟ, ಇಲ್ಲವೇ ಮಲೇಷ್ಯಾದ ಒಂದು ಸುದ್ದಿ ತಾಣ ತೆರೆದುಕೊಳ್ಳುತ್ತಿತ್ತು. ಒತ್ತಿದವರಿಗೆ ಏನೂ ಅನುಮಾನ ಬರಲ್ಲ. ಆಂಡ್ರಾಯ್ಡ್ ಮೇಲಿನ ದಾಳಿಯಲ್ಲಿ ಕ್ರೋಮ್‌ನ ಎರಡು ತೂತು, ಕೊನೆಯ ಮೆಟ್ಟಿಲಾಗಿ ಮಾಲಿಯ ಅದೇ 38181.

ಈ ಬಗ್‌ನ ವರದಿ ಆಂಡ್ರಾಯ್ಡ್ ತಂಡಕ್ಕೆ ಹೋಗಿದ್ದು 2022ರ ಜುಲೈಯಲ್ಲಿ. "ಇದು ಆರ್ಮ್‌ನ ಭಾಗ, ನಾವು ಸರಿಪಡಿಸಲ್ಲ" ಅಂತ ಹೇಳಿ ವರದಿಯನ್ನು ಆರ್ಮ್‌ಗೆ ದಾಟಿಸಿದರು. ಆರ್ಮ್ ಅದೇ ವರ್ಷ ಸರಿಪಡಿಸಿತು. ಗೂಗಲ್‌ನದೇ ಪಿಕ್ಸೆಲ್ ಫೋನಿಗೆ ಅದು ಬಂದದ್ದು 2023ರ ಜನವರಿಯಲ್ಲಿ. ಎಲ್ಲ ತಯಾರಕರಿಗಾಗಿ ಇರುವ ಆಂಡ್ರಾಯ್ಡ್ ಬುಲೆಟಿನ್‌ನಲ್ಲಿ (ಸರಿಪಡಿಸಿದ ತೂತುಗಳ ತಿಂಗಳ ಪಟ್ಟಿ) ಸೇರಿದ್ದು ಏಪ್ರಿಲ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ದಾಳಿ ನಡೆಯುತ್ತಲೇ ಇತ್ತು.

ಇದಕ್ಕಿಂತ ಹೊಟ್ಟೆ ಉರಿಯುವುದು ಮಾಲಿಯದೇ ಇನ್ನೊಂದು ತೂತು, ಸಿವಿಇ-2022-22706. ಆರ್ಮ್ ಸರಿಪಡಿಸಿದ್ದು 2022ರ ಜನವರಿ. ಡಿಸೆಂಬರ್‌ನಲ್ಲಿ ಯುಎಇಯಲ್ಲಿದ್ದ ಸ್ಯಾಮ್‌ಸಂಗ್ ಫೋನುಗಳ ಮೇಲೆ ಇದನ್ನು ಬಳಸಿ ಸ್ಪೈವೇರ್ (ಕದ್ದು ನೋಡುವ ಸಾಫ್ಟ್‌ವೇರ್) ಹಾಕುತ್ತಿದ್ದುದು ಗೊತ್ತಾಯಿತು. ಬುಲೆಟಿನ್‌ಗೆ ಬಂದದ್ದು 2023ರ ಜೂನ್. ಔಷಧಿ ಇದ್ದೂ 17 ತಿಂಗಳು ಅಂಗಡಿಗೆ ಬರಲಿಲ್ಲ.

ಧಾರವಾಡಪೇಡೆ

17 ತಿಂಗಳು?! ಎಲ್ಲಿ ಸಿಕ್ಕಿಹಾಕಿಕೊಂಡಿತ್ರಿ ಅದು?

ಕರ್ನಲ್‌ಕಾಫಿ

ದಾರಿಯಲ್ಲಿ. ಆರ್ಮ್ ಜಿಪಿಯುವಿನ ವಿನ್ಯಾಸ ಮಾರುತ್ತದೆ, ಡ್ರೈವರ್ ಕೊಡುತ್ತದೆ. ಅದನ್ನು ಚಿಪ್ ಕಂಪನಿ ತೆಗೆದುಕೊಂಡು ತನ್ನ ಬದಲಾವಣೆ ಸೇರಿಸುತ್ತದೆ. ಅಲ್ಲಿಂದ ಫೋನ್ ಕಂಪನಿಗೆ. ಅವರದ್ದು ಹತ್ತಾರು ಮಾಡೆಲ್, ಒಂದೊಂದರಲ್ಲೂ ಡ್ರೈವರ್‌ನ ಒಂದೊಂದು ಹಳೆ ಆವೃತ್ತಿ. ಒಂದೊಂದನ್ನೂ ಪರೀಕ್ಷೆ ಮಾಡಬೇಕು. ನಾನು ಬೆಂಗಳೂರಿನಲ್ಲಿ ಇದೇ ಸರಪಳಿಯ ಒಂದು ಕೊಂಡಿಯಲ್ಲಿ ಕೆಲಸ ಮಾಡುತ್ತಿದ್ದೆ, ಕಂಪನಿ ಹೆಸರು ಬೇಡ. ಪ್ಯಾಚ್, ಅಂದರೆ ತೂತು ಮುಚ್ಚುವ ತಿದ್ದುಪಡಿ, ನಮ್ಮ ಇನ್‌ಬಾಕ್ಸ್‌ನಲ್ಲಿ ಇರುತ್ತಿತ್ತು. ಆದರೆ ಹೊಸ ಫೋನ್ ಬಿಡುಗಡೆ ಹತ್ತಿರ ಬಂದಿದ್ದರೆ ಹಳೆ ಮಾಡೆಲ್‌ಗೆ ಕೈ ಹಾಕಲು ಜನವೇ ಇರುತ್ತಿರಲಿಲ್ಲ. ದುರುದ್ದೇಶ ಏನಿಲ್ಲ. "ಮುಂದಿನ ವಾರ ನೋಡೋಣ" ಅನ್ನುವುದು ಒಂದೊಂದು ಮೇಜಿನ ಮೇಲೂ ಒಂದೊಂದು ಸಲ.

ಪ್ರಾಜೆಕ್ಟ್ ಜೀರೊದ ಯಾನ್ ಹಾರ್ನ್ 2022ರ ಜೂನ್-ಜುಲೈಯಲ್ಲಿ ಮಾಲಿಯ 5 ತೂತುಗಳನ್ನು ಆರ್ಮ್‌ಗೆ ತಿಳಿಸಿದ್ದರು. ಆರ್ಮ್ ಬೇಗನೆ, ಆಗಸ್ಟ್ ಹೊತ್ತಿಗೆ ಸರಿಪಡಿಸಿತು. ನವೆಂಬರ್‌ನಲ್ಲಿ ತಂಡ ತನ್ನ ಬಳಿ ಇದ್ದ ಮಾಲಿ ಫೋನುಗಳನ್ನು ಮತ್ತೆ ನೋಡಿದರೆ ಎಲ್ಲದರಲ್ಲೂ ತೂತು ಹಾಗೇ ಇತ್ತು. ಇನ್ನೊಂದು ಕಷ್ಟ: ಡ್ರೈವರ್‌ನ ಕರ್ನಲ್ ಭಾಗದ ಸೋರ್ಸ್ ಕೋಡ್ ಎಲ್ಲರಿಗೂ ಸಿಗುತ್ತದೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಏನು ಸರಿಪಡಿಸಿದರು ಅಂತ ಕಳ್ಳನಿಗೂ ಗೊತ್ತಾಗುತ್ತದೆ. @ಸುಮ್ನೆಓದುಗ, ಗುರಿಯಿಟ್ಟ ದಾಳಿ ಅಂತ ಆರಾಮಾಗಿ ಕೂರಲು ಆಗದಿರುವುದು ಇದಕ್ಕೇ. ಮೊದಲ ದಿನ ಅದು ದುಬಾರಿ ಆಯುಧ. ಒಂದೂವರೆ ವರ್ಷ ಆದಮೇಲೆ ಬಿಡಿಸಿ ಹೇಳುವ ಬರಹ, ಮಾದರಿ ಕೋಡ್ ಎಲ್ಲ ಬಿಟ್ಟಿ ಸಿಗುತ್ತವೆ.

ಸುಮ್ನೆಓದುಗ

ಒಪ್ಪಿದೆ. ಮೊದಲ ದಿನ ಮತ್ತು 500ನೇ ದಿನದ ವ್ಯತ್ಯಾಸ ನಾನು ಯೋಚಿಸಿರಲಿಲ್ಲ.

ತುಕ್ಕುಪ್ರೇಮಿ

ಇಷ್ಟೊತ್ತು ಮದುವೆ ಮಂಟಪ, ಭಟ್ಟರು ಅಂತ ಒದ್ದಾಡಿದಿರಿ, ಮೆಮೊರಿ ತಪ್ಪುಗಳನ್ನು ತಡೆಯುವ ರಸ್ಟ್ ಭಾಷೆಯ ಹೆಸರು ಯಾರಾದರೂ ಅಂದಿರಾ? ಈ ಡ್ರೈವರ್ ಬರೆದಿರುವ ಸಿ ಭಾಷೆ ಬಿಡಿ, ಅರ್ಧ ಕಷ್ಟ ಮುಗೀತು. ಆಂಡ್ರಾಯ್ಡ್‌ನಲ್ಲಿ ಮೆಮೊರಿ ಸುರಕ್ಷತೆಯ ತೂತುಗಳ ಪಾಲು 2019ರಲ್ಲಿ 76% ಇತ್ತು, 2024ಕ್ಕೆ 24%. ಹೊಸ ಕೋಡನ್ನು ರಸ್ಟ್, ಕೋಟ್ಲಿನ್‌ನಂಥ ಭಾಷೆಗಳಲ್ಲಿ ಬರೆದದ್ದರ ಫಲ. ಜಿಪಿಯು ಡ್ರೈವರ್‌ಗಳ ಕಡೆಗೂ ಬರುತ್ತಿದೆ: ಎನ್ವಿಡಿಯಾಗೆ ನೋವಾ, ಮಾಲಿಗೆ ಟಿರ್, ಆಪಲ್ ಚಿಪ್‌ಗೆ ಅಸಾಹಿ ತಂಡದವರದ್ದು. ಮೂರೂ ರಸ್ಟ್.

ಕರ್ನಲ್‌ಕಾಫಿ

ಬರುತ್ತೀರಿ ಅಂತ ಗೊತ್ತಿತ್ತು ಗುರು 😄 ಹೆಸರೇ ತುಕ್ಕು.

ನಾನೂ ರಸ್ಟ್ ಪರವೇ. ಡ್ರೈವರ್ ಒಳಗಿನ ಪಟ್ಟಿಗಳು ತಾಳೆ ತಪ್ಪುವ 38181ನಂಥ ಬಗ್ ರಸ್ಟ್‌ನಲ್ಲಿ ಬರೆಯುವುದು ಬಹಳ ಕಷ್ಟ. ಆದರೆ ಭಟ್ಟರ ಗೊಂಚಲು ರಸ್ಟ್‌ನ ಕಣ್ಣಿಗೆ ಬೀಳಲ್ಲ. ಜಿಪಿಯುವಿನ ವಿಳಾಸ ಪಟ್ಟಿ ಅಂದರೆ ಹಾರ್ಡ್‌ವೇರ್ ಓದುವ ಬರೀ ಅಂಕಿಗಳು. ಯಾವ ಪುಟ ಇನ್ನೂ ಅಲ್ಲಿದೆ ಅಂತ ಕಂಪೈಲರ್‌ಗೆ (ಕೋಡ್ ತಪಾಸಣೆ ಮಾಡಿ ಯಂತ್ರಕ್ಕೆ ಅರ್ಥವಾಗುವಂತೆ ತಿರುಗಿಸುವ ಪ್ರೋಗ್ರಾಂ) ತಾನಾಗಿ ಗೊತ್ತಾಗಲ್ಲ. ಬರೆಯುವವನು ಆ ನಿಯಮವನ್ನು ಟೈಪ್‌ಗಳಲ್ಲಿ, ಅಂದರೆ ಕಂಪೈಲರ್ ನೋಡುವ ಗುರುತುಗಳಲ್ಲಿ, ಕೂರಿಸಬೇಕು. ಕೂರಿಸುವಾಗ ತಪ್ಪಿದರೆ ಮತ್ತೆ ಅದೇ ಕಥೆ.

ಇದಕ್ಕೆ ಒಳ್ಳೆ ಸಾಕ್ಷಿ ಎಂಟಿಇ. ಪಿಕ್ಸೆಲ್ 8ರಲ್ಲಿ ಬಂತಲ್ಲ, ಮೆಮೊರಿಗೆ ಟ್ಯಾಗ್ ಹಚ್ಚುವ ವ್ಯವಸ್ಥೆ. ಪ್ರತಿ 16 ಬೈಟ್‌ಗೂ ಒಂದು 4 ಬಿಟ್ ಗುರುತು. ಅದೇ ಗುರುತು ವಿಳಾಸದಲ್ಲೂ ಇರಬೇಕು. ರೂಮಿನ ಬಾಗಿಲಿಗೆ ಕೆಂಪು ಬಣ್ಣ ಇದ್ದರೆ ಕೀಗೂ ಕೆಂಪು ದಾರ ಇರಬೇಕು ಅನ್ನೋ ಹಾಗೆ. ರೂಮು ಕೈ ಬದಲಾದರೆ ಬಣ್ಣವೂ ಬದಲು. ಯೂಸ್ ಆಫ್ಟರ್ ಫ್ರೀ ಹಿಡಿಯಲು ಇದಕ್ಕಿಂತ ಒಳ್ಳೆ ಕಾವಲು ಫೋನಿಗೆ ಬಂದಿರಲಿಲ್ಲ.

2024ರ ಮಾರ್ಚ್‌ನಲ್ಲಿ ಅದೇ ಮಾನ್ ಯುಯೆ ಮೊ, ಎಂಟಿಇ ಆನ್ ಇದ್ದ ಪಿಕ್ಸೆಲ್ 8ರಲ್ಲೇ ಕರ್ನಲ್ ಒಳಗೆ ಹೋಗಿ ತೋರಿಸಿದರು. ಸಿವಿಇ-2023-6241, ಮತ್ತೆ ಮಾಲಿ. ಕಾವಲುಗಾರ ಬಣ್ಣ ನೋಡುವುದು ಮುಂಬಾಗಿಲಲ್ಲಿ. ಭಟ್ಟರು ಓಡಾಡುವುದು ಅಡುಗೆಮನೆ ಕಡೆಯ ಹಿಂಬಾಗಿಲಲ್ಲಿ, ಅಲ್ಲಿ ಬಣ್ಣ ನೋಡುವವರಿಲ್ಲ. ಬಿಟ್ಟುಕೊಟ್ಟ ಪುಟಗಳನ್ನು ಜಿಪಿಯು ಮೂಲಕವೇ ಮುಟ್ಟಿದರೆ ಎಂಟಿಇಗೆ ಸುಳಿವೇ ಇಲ್ಲ. 2025ರ ಮೇ ತಿಂಗಳಲ್ಲಿ ಇನ್ನೊಂದು, ಸಿವಿಇ-2025-0072, ಅದೂ ಹೀಗೇ ಎಂಟಿಇ ದಾಟಿತು.

ತುಕ್ಕುಪ್ರೇಮಿ

ಸರಿ, ರಸ್ಟ್ ಒಂದೇ ಮದ್ದು ಅಂತ ಹೇಳಲ್ಲ. ಆದರೆ ನಿಯಮವನ್ನು ಒಂದು ಕಡೆ ಸರಿಯಾಗಿ ಕೂರಿಸಿದರೆ ಉಳಿದ ಸಾವಿರಾರು ಸಾಲುಗಳಲ್ಲಿ ಅದನ್ನು ಮುರಿಯಲು ಆಗಲ್ಲ. ಸಿಯಲ್ಲಿ ಪ್ರತಿ ಸಾಲಲ್ಲೂ ನೆನಪಿಡಬೇಕು. ಇದು ಸಣ್ಣ ಲಾಭ ಅಲ್ಲ.

ಕರ್ನಲ್‌ಕಾಫಿ

ಅಲ್ಲ. ಒಪ್ಪಿದೆ. ಆದರೆ ಹೊಸಪೇಟೆಯ ಆ ಫೋನಿಗೆ ಟಿರ್ ಬರಲ್ಲ ಅನ್ನುವುದನ್ನೂ ಒಪ್ಪಿ.

ಧಾರವಾಡಪೇಡೆ

ನಡುವೆ ಒಂದು ಪ್ರಶ್ನೆ. 'ಲೆಫ್ಟ್ಓವರ್ ಲೋಕಲ್ಸ್' ಅಂತ ಜಿಪಿಯು ತೂತು ಕೇಳಿದ್ದೆ. ಅದೂ ಇದೇನಾ? ಮತ್ತೆ ಕ್ವಾಲ್ಕಾಮ್ ಚಿಪ್ ಇದ್ದವರು ನೆಮ್ಮದಿಯಾಗಿ ಇರಬಹುದಾ?

ಕರ್ನಲ್‌ಕಾಫಿ

ಅದು ಬೇರೆ. 2024ರ ಜನವರಿಯದು. ಜಿಪಿಯು ಒಳಗಿನ ಪುಟ್ಟ ಮೆಮೊರಿಯಲ್ಲಿ ಹಿಂದಿನವನು ಬಿಟ್ಟುಹೋದದ್ದನ್ನು ಮುಂದಿನವನು ಓದಬಹುದಿತ್ತು. ರೂಮು ಗುಡಿಸದೆ ಕೊಟ್ಟ ಹಾಗೆ. ಅಲ್ಲಿ ಕರ್ನಲ್ ಕೈತಪ್ಪುವುದಿಲ್ಲ.

ಕ್ವಾಲ್ಕಾಮ್? ನೆಮ್ಮದಿ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಗೂಗಲ್ ತಿಳಿಸಿದ ತೂತುಗಳಲ್ಲಿ ಎರಡು ಅಡ್ರಿನೊ ಗ್ರಾಫಿಕ್ಸ್‌ನವು. 2025ರ ಜೂನ್‌ನಲ್ಲಿ ಮತ್ತೆ ಮೂರು, ಎಲ್ಲವೂ ದಾಳಿಯಲ್ಲಿ ಬಳಕೆಯಾದವು ಅಂತ ಎಚ್ಚರಿಕೆ ಬಂತು.

ರಿಪೇರಿಅಂಗಡಿ

ಹಾಸನದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಇಷ್ಟು ಆಳ ನನಗೆ ಗೊತ್ತಿಲ್ಲ. ಆದರೆ ಪ್ಯಾಚ್ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಕೇಳಿದಿರಲ್ಲ, ಕೊನೇ ಕೊಂಡಿ ನಮ್ಮ ಅಂಗಡಿಗಳಲ್ಲೇ ಇದೆ.

ಬರುವ ಗಿರಾಕಿಗಳು ಡಿಸ್‌ಪ್ಲೇ ಕೇಳ್ತಾರೆ, ಬ್ಯಾಟರಿ ಕೇಳ್ತಾರೆ. ಅಪ್ಡೇಟ್ ಬಗ್ಗೆ ಕೇಳೋದು "ಅಣ್ಣ, ಇದು ಬರದ ಹಾಗೆ ಮಾಡಿಕೊಡಿ" ಅಂತ. ಅಪ್ಡೇಟ್ ಆದರೆ ಫೋನ್ ನಿಧಾನ ಆಗುತ್ತೆ ಅನ್ನೋ ನಂಬಿಕೆ. ಒಂದು ಕಾಲದಲ್ಲಿ ನಾನೇ ಆಫ್ ಮಾಡಿ ಕೊಟ್ಟಿದ್ದೀನಿ, ಸುಳ್ಳು ಹೇಳಲ್ಲ. ಇನ್ನು ಎಷ್ಟೋ ಫೋನಿನಲ್ಲಿ ಅಪ್ಡೇಟ್ ಬಂದಿರುತ್ತೆ, ಇಳಿಯೋಕೆ ಜಾಗ ಇರಲ್ಲ. ತುಂಬಾ ಶುಭೋದಯದ ಹೂವಿನ ಫೋಟೋ, ಒಂದೇ ವಿಡಿಯೋ ನಾಲ್ಕು ಗುಂಪಿನಿಂದ ನಾಲ್ಕು ಸಲ.

ಹೊಸಪೇಟೆಯವರೇ, ಮೊದಲು ನಿಮ್ಮ ತಂದೆ ಫೋನಿನಲ್ಲಿ ಜಾಗ ಎಷ್ಟಿದೆ ನೋಡಿ.

ಕರ್ನಲ್‌ಕಾಫಿ

ಅಣ್ಣ, ಇದು ನನಗೆ ಹೊಳೆದೇ ಇರಲಿಲ್ಲ.

ಜೊತೆಗೆ ಇನ್ನೊಂದು ನೋಡಿ. ಸೆಟ್ಟಿಂಗ್ಸ್‌ನಲ್ಲಿ ಫೋನ್ ಬಗ್ಗೆ ಅನ್ನುವ ಕಡೆ ಸೆಕ್ಯುರಿಟಿ ಅಪ್ಡೇಟ್ ದಿನಾಂಕ ಇರುತ್ತದೆ. ತಿಂಗಳು ಮಾತ್ರ ಅಲ್ಲ, ತಾರೀಖನ್ನೂ ಓದಿ. 1 ಅಂತಿದ್ದರೆ ಆಂಡ್ರಾಯ್ಡ್‌ನ ಸಾಮಾನ್ಯ ಭಾಗ ಸರಿಯಾಗಿದೆ ಅಂತ ಮಾತ್ರ ಅರ್ಥ. ಕರ್ನಲ್, ಆರ್ಮ್, ಕ್ವಾಲ್ಕಾಮ್, ಮೀಡಿಯಾಟೆಕ್ ಭಾಗದ ಪ್ಯಾಚ್‌ಗಳಿಗೆ 5 ಅಥವಾ ಅದರ ನಂತರದ ತಾರೀಖು ಇರಬೇಕು. 1 ಅಂತಿದ್ದರೆ ಆ ತಿಂಗಳ ಜಿಪಿಯು ಪ್ಯಾಚ್ ಬಂದಿದೆ ಅಂತ ನಂಬಬೇಡಿ.

ಬ್ಯಾಂಕ್ ಆಪ್ ತೆಗೆಯಬೇಕಾ ಅಂತ ಕೇಳಿದರೆ, ನನ್ನ ಮನೆಯಲ್ಲಿ ಮಾಡಿದ್ದು ಹೇಳ್ತೀನಿ. ಅಮ್ಮನ ಯುಪಿಐಯನ್ನು ಬೇರೆ ಖಾತೆಗೆ ಜೋಡಿಸಿದೆ. ಅದರಲ್ಲಿ ತಿಂಗಳ ಖರ್ಚಿನಷ್ಟೇ ದುಡ್ಡು. ಪ್ಲೇ ಸ್ಟೋರ್ ಬಿಟ್ಟು ಬೇರೆಲ್ಲಿಂದಲೂ ಆಪ್ ಹಾಕದ ಹಾಗೆ ಮಾಡಿದೆ. ವಾಟ್ಸಾಪ್‌ನಲ್ಲಿ ಲಗ್ನಪತ್ರಿಕೆ ಅಂತ ಎಪಿಕೆ (ಒತ್ತಿದರೆ ಆಪ್ ಹಾಕುವ) ಫೈಲ್ ಬರುತ್ತಲ್ಲ, ನಮ್ಮಲ್ಲಿ ದುಡ್ಡು ಹೋಗುವುದು ಜಾಸ್ತಿ ಅಂಥದ್ದರಿಂದ. ಅದಕ್ಕೆ ಜಿಪಿಯು ತೂತು ಬೇಕಾಗಿಯೇ ಇಲ್ಲ, ಕೇಳಿದ ಅನುಮತಿಗೆಲ್ಲ ನಾವೇ ಸರಿ ಅಂತ ಒತ್ತಿರುತ್ತೇವೆ. ಕ್ರೋಮ್ ಮಾತ್ರ ಪ್ಲೇ ಸ್ಟೋರ್‌ನಿಂದ ಅಪ್ಡೇಟ್ ಆಗುತ್ತಿರಲಿ. ಇಟಲಿಯ ಕಥೆ ನೋಡಿದಿರಲ್ಲ, ಲಿಂಕ್‌ನಿಂದ ಬರುವ ದಾಳಿಗೆ ಮೊದಲು ಬ್ರೌಸರ್ ಮುರಿಯಬೇಕು, ಆಮೇಲೆ ಜಿಪಿಯು. ಮೊದಲ ಮೆಟ್ಟಿಲು ಗಟ್ಟಿ ಇದ್ದರೆ ಎರಡನೆಯದಕ್ಕೆ ಬರುವುದು ಕಷ್ಟ.

ಹೊಸಪೇಟೆಹುಡುಗ

ಎರಡು ದಿನ ಬಿಟ್ಟು ಬಂದೆ. ಊರಿಗೆ ಹೋಗಿದ್ದೆ.

ರಿಪೇರಿ ಅಣ್ಣ ಹೇಳಿದ್ದೇ ಸರಿ. ಸೆಕ್ಯುರಿಟಿ ದಿನಾಂಕ 2022 ಡಿಸೆಂಬರ್ 1 ಅಂತಿತ್ತು. ಜಾಗ ಉಳಿದಿದ್ದು 300 ಎಂಬಿ. ಹೂವಿನ ಫೋಟೋ ಅಳಿಸುತ್ತಾ ಕೂತರೆ ಅಪ್ಪ ಒಂದೊಂದಕ್ಕೂ "ಅದು ಇರಲಿ, ಇದು ಇರಲಿ" ಅಂತ. ಕೊನೆಗೆ ಎಲ್ಲ ಲ್ಯಾಪ್‌ಟಾಪ್‌ಗೆ ಹಾಕಿಕೊಂಡು ಖಾಲಿ ಮಾಡಿದೆ. ಅಪ್ಡೇಟ್ ಕಾಯ್ತಾ ಇತ್ತು! ಒಂದಾದ ಮೇಲೆ ಒಂದು, ಮೂರು ಸಲ ಇಳಿಯಿತು. ಈಗ 2023 ಆಗಸ್ಟ್ 5. ಅದಕ್ಕಿಂತ ಮುಂದೆ ಏನೂ ಇಲ್ಲ ಅಂತಿದೆ.

ಮಂಟಪದ ಕಥೆ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿ, "ನಿನ್ನ ಅತ್ತೆ ಮದುವೇಲಿ ಎರಡು ಬೆಳ್ಳಿ ಲೋಟ ಹೋಗಿದ್ದು ಹಿಂಗೇ ಇರ್ಬೇಕು" ಅಂದರು.

ಕರ್ನಲ್‌ಕಾಫಿ

😄 ಆಗಸ್ಟ್ 5 ಅಂದರೆ 38181 ಮತ್ತು 22706 ಎರಡರ ಪ್ಯಾಚೂ ಒಳಗಿರಬೇಕು, ಏಪ್ರಿಲ್ ಮತ್ತು ಜೂನ್ ಬುಲೆಟಿನ್‌ನವು. ನಿಮ್ಮ ತಮ್ಮ ಹೇಳಿದ 4211 ಅಕ್ಟೋಬರ್‌ನದು. ಅದು ಆ ಫೋನಿನಲ್ಲಿ ಇನ್ನೂ ಇದೆ ಅಂತಲೇ ಲೆಕ್ಕ ಹಾಕಿ.

ಹೊಸಪೇಟೆಹುಡುಗ

ಹಾಗಾದರೆ ತಮ್ಮ ಗೆದ್ದ. ಯುಪಿಐಗೆ ಬೇರೆ ಖಾತೆ ಮಾಡಿಸಲು ಸೋಮವಾರ ಅಪ್ಪನನ್ನು ಬ್ಯಾಂಕಿಗೆ ಕರ್ಕೊಂಡು ಹೋಗ್ತೀನಿ. ಅಣ್ಣ, ಹಾಸನದವರೇ, ಐದಾರು ವರ್ಷ ಅಪ್ಡೇಟ್ ಕೊಡ್ತೀವಿ ಅಂತ ಬರೆದು ಕೊಡುವ ಫೋನ್ 15 ಸಾವಿರದೊಳಗೆ ಯಾವುದಾದ್ರೂ ಇದ್ರೆ ಹೇಳ್ತೀರಾ?

ರಿಪೇರಿಅಂಗಡಿ

ನಾಳೆ ಅಂಗಡಿ ತೆಗೆದ ಮೇಲೆ ಡಬ್ಬಿ ನೋಡಿ ಹೇಳ್ತೀನಿ ತಮ್ಮಾ. ಮಾರುವವರ ಮಾತು ಬೇಡ.